ಬರೆಯದೆ ಬಿಟ್ಟ ಪ್ಯಾರಾಗಳು

ಜೂನ್ 11, 2024, ಮಂಗಳವಾರ

ಬೇಸಿಗೆ ರಜೆ ಮುಗಿದು ಕೋರ್ಟು ತೆರೆದ ಕೂಡಲೇ ಆಫೀಸಿಗೆ ಹೊಸ ಮುಖಗಳು ಜಾಸ್ತಿ. ಮೇ ತಿಂಗಳಲ್ಲಿ ನೆಂಟರ ಮದುವೆಗಳಿಗೆ ಒಬ್ಬರೇ ಹೋಗಿ, ‘ಯಜಮಾನ್ರು ಬರ್ಲಿಲ್ವಾ’ ಎಂದು ಕೇಳಿಸಿಕೊಂಡು ಕೇಳಿಸಿಕೊಂಡು, ಇನ್ನು ಸಾಕು ಅಂತ ತೀರ್ಮಾನಿಸಿ ಬರುತ್ತಾರೆ ಎಂಬುದು ನನ್ನ ಅಂದಾಜು.

ಇವತ್ತು ಬಂದ ತುಮಕೂರಿನ ಹೆಣ್ಣುಮಗಳು ಒಂದು ನೋಟ್‌ಬುಕ್ಕಿನ ತುಂಬ ಬರೆದು ತಂದಿದ್ದಳು. ಬೀಗರ ಊಟದಲ್ಲಿ ಹೋಳಿಗೆ ಸಾಲದೆ ಎದ್ದ ಜಗಳದಿಂದಲೇ ಶುರು. ಪೂರ್ತಿ ಓದಿದೆ. ಅರ್ಧಕ್ಕೆ ಮುಚ್ಚಿಟ್ಟರೆ ಎದುರು ಕೂತವರಿಗೆ ಗೊತ್ತಾಗಿಬಿಡುತ್ತದೆ, ಆಮೇಲೆ ನಮಗೆ ನಿಜ ಹೇಳುವುದಿಲ್ಲ. ದಿನಾಂಕ ಇರುವ, ಸಾಕ್ಷಿ ಹೇಳಲು ಜನ ಇರುವ ಸಂಗತಿಗಳಿಗೆ ಮಾತ್ರ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ‘ಇಷ್ಟೇನಾ ಮೇಡಂ?’ ಅಂದಳು.

ಅವಳಿಗೆ ಮುಖ್ಯವಾಗಿ ಬೇಕಿದ್ದದ್ದು ಬೇರೆ. ಗಂಡನಿಗೆ ತಲೆ ಸರಿಯಿಲ್ಲ ಅಂತ ಬರೀಬೇಕು. ಡಾಕ್ಟರ ಚೀಟಿ ಇದೆಯಾ ಎಂದೆ. ಇಲ್ಲ. ‘ಅವರ ಮನೇಲಿ ಎಲ್ಲರೂ ಹಂಗೇ, ಊರಿಗೇ ಗೊತ್ತು.’ ಆಗ ಅವಳಿಗೆ 1994ರ ಭಗತ್ ಪ್ರಕರಣ ವಿವರಿಸಿದೆ. ಆ ಹೆಂಡತಿ ಗಂಡನಿಗೂ ಅವನ ಮನೆತನಕ್ಕೂ ಹುಚ್ಚಿದೆ ಎಂದು ತನ್ನ ತಕರಾರಿನಲ್ಲಿ ಬರೆಸಿದಳು. ಸುಪ್ರೀಂ ಕೋರ್ಟು ಆ ಬರಹವನ್ನೇ ಮಾನಸಿಕ ಕ್ರೌರ್ಯ ಎಂದು ಎಣಿಸಿ ಗಂಡನಿಗೆ ವಿಚ್ಛೇದನ ಕೊಟ್ಟಿತು. 2003ರ ಭಾಟೆ ಪ್ರಕರಣದಲ್ಲಿ ಗಂಡನ ಸರದಿ. ಹೆಂಡತಿಯ ಶೀಲದ ಮೇಲೆ ಆರೋಪ ಬರೆದು, ಆಮೇಲೆ ತಿದ್ದುಪಡಿ ತಂದು ತೆಗೆಸಿದ. ಆರೋಪ ಕಾಗದದಿಂದ ಹೋಯಿತು, ಕ್ರೌರ್ಯ ಹೋಗಲಿಲ್ಲ ಎಂದಿತು ಕೋರ್ಟು. ಜೂನಿಯರ್ ಆಗಿ ಸೇರಿದವರಿಗೆ ನಾನು ಮೊದಲು ಓದಿಸುವುದು ಈ ಎರಡು ತೀರ್ಪುಗಳನ್ನು. ಯಾವ ಪ್ಯಾರಾ ಬಿಡಬೇಕು ಅಂತ ಗೊತ್ತಾಗದವರಿಗೆ ಡ್ರಾಫ್ಟಿಂಗ್ ಬರುವುದಿಲ್ಲ.

ನೋಟ್‌ಬುಕ್ ವಾಪಸು ಕೊಟ್ಟೆ. ಹುಷಾರಾಗಿ ಇಟ್ಕೋ, ಆದರೆ ಮಗನ ಕೈಗೆ ಸಿಗದ ಹಾಗೆ ಎಂದೆ. ಅವನಿಗೆ ಈಗ ಓದಲು ಬರುತ್ತದೆ.

ಜೂನ್ 14, ಶುಕ್ರವಾರ

‘ಬಂದ ದುಡ್ಡಲ್ಲಿ ಶೇಕಡಾ ಹತ್ತು ನಿಮಗೆ’ ಅಂದರು ಒಬ್ಬರು, ಮಗಳ ಪರವಾಗಿ ಬಂದ ತಂದೆ. ಅವರೇನೂ ಕೆಟ್ಟವರಲ್ಲ, ಸೈಟು ಮಾರಿಸಿದವನಿಗೆ ಕೊಡುವ ಲೆಕ್ಕದಲ್ಲಿ ಹೇಳಿದರು. ಫಲಿತಾಂಶದ ಮೇಲೆ ಫೀಸು ಕಟ್ಟುವುದನ್ನು ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ. ನಿಯಮ ಇರದಿದ್ದರೂ ಬೇಡ. ರಾಜಿಗೆ ಒಳ್ಳೆಯ ಸಮಯ ಬಂದಾಗ ನನ್ನ ಪಾಲು ನನ್ನ ಕಿವಿಯಲ್ಲಿ ಇನ್ನೊಂದಿಷ್ಟು ತಡಿ ಅನ್ನುತ್ತಿರುತ್ತದೆ.

ನಾನು ಕಲಿತದ್ದು ಸಿವಿಲ್ ಆಫೀಸಿನಲ್ಲಿ, ಪಾರ್ಟಿಷನ್ ದಾವೆಗಳ ನಡುವೆ. ವಿಚ್ಛೇದನದ ಫೈಲು ಬಂದರೆ ಸೀನಿಯರ್ ‘ಹೆಂಗಸರ ಕೇಸು’ ಎಂದು ನನ್ನ ಮೇಜಿಗೆ ತಳ್ಳುತ್ತಿದ್ದರು. ಹಾಗೆ ತಳ್ಳಿಸಿಕೊಂಡೇ ಇದು ನನ್ನ ಕಸುಬಾಯಿತು. ತಮಾಷೆ ಎಂದರೆ, 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅಲ್ಲಿ ವಕೀಲರು ಹಕ್ಕಿನಿಂದ ನಿಲ್ಲುವಂತೆಯೇ ಇಲ್ಲ. ಕೋರ್ಟಿನ ಅನುಮತಿ ಬೇಕು. ಅನುಮತಿ ಸಿಗುತ್ತದೆ, ಸಿಗುತ್ತಲೇ ಇದೆ. ಆದರೂ ಆ ಕಾಯ್ದೆ ಬರೆದವರಿಗೆ ನಮ್ಮ ಮೇಲೆ ಇದ್ದ ಅನುಮಾನ ತೀರಾ ಸುಳ್ಳಲ್ಲ.

ಜೂನ್ 20, ಗುರುವಾರ

ಇವತ್ತು ಗಂಡಸಿನ ಪರ. ಐಟಿ ಕೆಲಸ, ಮನೆ ಸಾಲ, ಕಾರಿನ ಸಾಲ. ‘ಕೈಗೆ ಬರೋದು ಇಷ್ಟೇ ಮೇಡಂ’ ಎಂದು ಕಂತು ಕಳೆದ ಮೊತ್ತ ತೋರಿಸಿದರು. 2020ರ ರಜನೇಶ್-ನೇಹಾ ತೀರ್ಪಿನಿಂದೀಚೆಗೆ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ ಕೊಡಬೇಕು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ. ಮೊದಲೆಲ್ಲ ಎಳೆದಷ್ಟೂ ಗಂಡನಿಗೆ ಉಳಿತಾಯ ಎನ್ನುವವರಿದ್ದರು. ಈಗ ಎಳೆದಷ್ಟೂ ಬಾಕಿ ಬೆಳೆಯುತ್ತದೆ.

ಕಂಪನಿ ಕೊಟ್ಟ ಷೇರುಗಳು ಅಫಿಡವಿಟ್ಟಿನಲ್ಲಿ ಇರಲಿಲ್ಲ. ಕೇಳಿದರೆ, ‘ಅದು ಅವಳಿಗೆ ಗೊತ್ತಿಲ್ಲ.’ ಗೊತ್ತಿಲ್ಲದಿದ್ದರೆ ಪಾಟೀ ಸವಾಲಿನ ದಿನ ಗೊತ್ತಾಗುತ್ತದೆ, ಆವತ್ತು ನಿಮ್ಮ ನಿಜವಾದ ಕಷ್ಟಗಳನ್ನೂ ಜಡ್ಜ್ ನಂಬುವುದಿಲ್ಲ ಎಂದೆ. ಬರೆಯುವುದಾದರೆ ಎಲ್ಲ ಬರೆಯೋಣ, ಇಲ್ಲವಾದರೆ ಎನ್‌ಒಸಿ ಕೊಡ್ತೀನಿ, ಬೇರೆಯವರನ್ನು ನೋಡ್ಕೊಳ್ಳಿ. ಸಂಜೆ ಫೋನು ಬಂತು. ಬರೀರಿ ಅಂದರು. ಹೆಂಡತಿಯೂ ಮನೆಪಾಠದ ಸಂಪಾದನೆ ಬಿಟ್ಟಿದ್ದಾಳಂತೆ. ಅದನ್ನು ಸೋಮವಾರ ನೋಡೋಣ.

ಜುಲೈ 1, ಸೋಮವಾರ

ಹೊಸ ಕ್ರಿಮಿನಲ್ ಕಾನೂನುಗಳ ಮೊದಲ ದಿನ. ಜೀವನಾಂಶದ ಸಿಆರ್‌ಪಿಸಿ 125 ಇನ್ನು 144, ಗಂಡನ ಮನೆಯ ಕ್ರೌರ್ಯದ ಐಪಿಸಿ 498ಎ ಇನ್ನು 85. ಬಾರ್ ರೂಮಿನಲ್ಲಿ ಎಲ್ಲರ ಕೈಯಲ್ಲೂ ಹಳೆ ನಂಬರು-ಹೊಸ ನಂಬರಿನ ಪಟ್ಟಿ. ಹಳೆ ಅರ್ಜಿಗಳು ಹಳೆ ನಂಬರಿನಲ್ಲೇ ನಡೆಯುತ್ತವೆ.

ಜುಲೈ 5, ಶುಕ್ರವಾರ

ಬೆಂಗಳೂರಿನ ನ್ಯಾಯ ದೇಗುಲದ ಮಧ್ಯಸ್ಥಿಕೆ ಕೇಂದ್ರದಲ್ಲಿ ಇಡೀ ಮಧ್ಯಾಹ್ನ. ಪರಸ್ಪರ ಒಪ್ಪಿಗೆಯ ಅರ್ಜಿ, ಹಿಂದೂ ವಿವಾಹ ಕಾಯ್ದೆಯ 13ಬಿ. ಆರು ತಿಂಗಳು ಕಾಯಲೇಬೇಕಾ ಎಂಬುದು ಇಬ್ಬರ ಮೊದಲ ಪ್ರಶ್ನೆ. 2017ರ ಅಮರ್‌ದೀಪ್ ಸಿಂಗ್ ತೀರ್ಪಿನಂತೆ ಆ ಅವಧಿಯನ್ನು ಕೋರ್ಟು ಮನ್ನಾ ಮಾಡಬಹುದು. ಆದರೆ ಹಣ, ಮಗು ಎಲ್ಲ ಇತ್ಯರ್ಥವಾಗಿರಬೇಕು.

ದೊಡ್ಡ ಮೊತ್ತ ಅರ್ಧ ಗಂಟೆಯಲ್ಲಿ ಕುದುರಿತು. ಉಳಿದ ಹೊತ್ತೆಲ್ಲ ಹೋದದ್ದು ಅಜ್ಜಿ ಕೊಟ್ಟ ಬೆಳ್ಳಿ ದೀಪಗಳಿಗೆ ಮತ್ತು ಮಗಳ ಹಬ್ಬಗಳಿಗೆ. ಯುಗಾದಿ ಅಮ್ಮನ ಮನೆ, ದೀಪಾವಳಿ ಅಪ್ಪನ ಮನೆ, ದಸರಾ ರಜೆ ಅರ್ಧರ್ಧ. ‘ಅನುಕೂಲ ನೋಡಿಕೊಂಡು’ ಎಂಬ ಮಾತನ್ನು ನಾನು ಒಪ್ಪಂದದಲ್ಲಿ ಎಲ್ಲೂ ಬರೆಯಗೊಡುವುದಿಲ್ಲ. ಅನುಕೂಲ ನೋಡಿಕೊಳ್ಳುವವರಾಗಿದ್ದರೆ ಇಲ್ಲಿಗೇ ಬರುತ್ತಿರಲಿಲ್ಲ. ಭಾನುವಾರ ಬೆಳಗ್ಗೆ 10, ಅಜ್ಜಿ ಮನೆ ಗೇಟು, ಸಂಜೆ 6ಕ್ಕೆ ವಾಪಸು. ಶಾಲೆಯ ಫೀಸು ಯಾರು, ಪಾಸ್‌ಪೋರ್ಟಿಗೆ ಸಹಿ ಯಾರು, ಜ್ವರ ಬಂದರೆ ಫೋನು ಮೊದಲು ಯಾರಿಗೆ. ಇಲ್ಲಿ ಮಾತ್ರ ಪ್ಯಾರಾ ಎಷ್ಟಾದರೂ ಆಗಲಿ.

‘ಸೈನ್ ಆಯ್ತಲ್ಲ, ಮುಗೀತಲ್ವಾ?’ ಎಂದರು ಆತ. ಡಿಕ್ರಿ ಆಗುವವರೆಗೆ ಒಪ್ಪಿಗೆ ಹಿಂಪಡೆಯಬಹುದು, ಅಲ್ಲಿಯವರೆಗೆ ವಾಟ್ಸಾಪಿನಲ್ಲಿ ಜಗಳ ಆಡಬೇಡಿ ಎಂದು ಇಬ್ಬರಿಗೂ ಹೇಳಿದೆ. ಅವರಿಬ್ಬರೂ ಒಟ್ಟಿಗೆ ನಕ್ಕಿದ್ದು ಇದೇ ಮೊದಲು ನೋಡಿದ್ದು.

ಜುಲೈ 11, ಗುರುವಾರ

ನಿನ್ನೆ ಸುಪ್ರೀಂ ಕೋರ್ಟು ಅಬ್ದುಲ್ ಸಮದ್ ಪ್ರಕರಣದ ತೀರ್ಪು ಕೊಟ್ಟಿದೆ. ತಲಾಖ್ ಆದ ಮುಸ್ಲಿಂ ಮಹಿಳೆಯೂ 125ರಡಿ ಜೀವನಾಂಶ ಕೇಳಬಹುದು, ಅವರಿಗಾಗಿಯೇ ತಂದ 1986ರ ಕಾಯ್ದೆ ಆ ಬಾಗಿಲು ಮುಚ್ಚಿಲ್ಲ. ನಮ್ಮ ಬೆಂಗಳೂರಿನ ಬಾರ್‌ನಿಂದಲೇ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಪ್ರತ್ಯೇಕವಾಗಿ ಬರೆದಿದ್ದಾರೆ. ಗೃಹಿಣಿಗೆ ಜಂಟಿ ಖಾತೆ, ಎಟಿಎಂ ಕಾರ್ಡು ಇರಬೇಕು ಎಂಬ ಮಾತೂ ಅದರಲ್ಲಿದೆ. ಕಾನೂನಿನ ಪುಸ್ತಕಗಳಲ್ಲಿ ಎಟಿಎಂ ಕಾರ್ಡು ಬರುವುದು ಅಪರೂಪ. ನನ್ನ ಆಫೀಸಿನಲ್ಲಿ ಅದು ದಿನವೂ ಬರುತ್ತದೆ, ಎದುರಿಗೆ ಕೂತ ಹೆಂಗಸಿನ ಹತ್ತಿರ ಇಲ್ಲ ಎನ್ನುವ ರೂಪದಲ್ಲಿ.

ಶಿವಾಜಿನಗರದ ನನ್ನ ಕಕ್ಷಿದಾರಳಿಗೆ ಫೋನು ಮಾಡಿದೆ. ಬಟ್ಟೆ ಹೊಲಿದು ಎರಡು ಮಕ್ಕಳನ್ನು ಓದಿಸುತ್ತಿದ್ದಾಳೆ. ‘ಹಂಗಾದ್ರೆ ನಂದು ನಿಲ್ಲುತ್ತಾ ಮೇಡಂ?’ ಅಂದಳು. ಎದುರು ಪಕ್ಷದವರು ತಕರಾರಿನಲ್ಲಿ ಹಿಡಿದಿದ್ದ ದೊಡ್ಡ ಆಧಾರ ಆ 1986ರ ಕಾಯ್ದೆಯೇ. ಆ ಪ್ಯಾರಾ ಇನ್ನು ನಿಲ್ಲುವುದಿಲ್ಲ. ತೀರ್ಪಿನ ಪ್ರತಿಯ ಜೊತೆ ಮೆಮೋ ನಾಳೆ ಹಾಕಬೇಕು. ಅವಳ ಅರ್ಜಿ ಜುಲೈಗಿಂತ ಮೊದಲಿನದು, ಹಾಗಾಗಿ ಹಳೆಯ 125ರಲ್ಲೇ ನಡೆಯುತ್ತದೆ.