ಮನೆಗೆ ಪ್ರಿಂಟರ್ ತಂದ ಕತೆ

ನಾನು ಓದಿದ್ದು ಏಳನೇ ಕ್ಲಾಸು. ಹುಟ್ಟಿದಾಗ ನಮ್ಮೂರು ಸೇಲಂ ಜಿಲ್ಲೆ, ಸ್ಕೂಲಿಗೆ ಹೋಗುವಾಗ ಧರ್ಮಪುರಿ ಜಿಲ್ಲೆ, 2004ರಿಂದ ಕೃಷ್ಣಗಿರಿ. ಊರು ಮಾತ್ರ ಇದ್ದಲ್ಲೇ ಇದೆ. ಟಮೋಟ, ಬೀನ್ಸು, ಒಂದಿಷ್ಟು ರಾಗಿ ಬೆಳೀತೀನಿ. ಮದುವೆ, ಭಜನೆ, ಮಾದಪ್ಪನ ಹರಕೆ ಅಂತ ಕರೆದರೆ ಹಾಡೋಕೆ ಹೋಗ್ತೀನಿ. ಇಂಥವನಿಗೆ ಪ್ರಿಂಟರ್ ಯಾಕೆ ಬೇಕಾಯ್ತು ಅಂತ ವಾಚನಾಲಯದ ಜಗಲಿ ಮೇಲೆ ಕೂತವರು ಕೇಳ್ತಾನೇ ಇರ್ತಾರೆ. ಬರೆದೇ ಇಡೋಣ ಅಂತ ಕೂತೆ.

ನಮ್ಮ ದೊಡ್ಡಕ್ಕನಿಗೆ ಎಪ್ಪತ್ತೆಂಟು ವರ್ಷ. ಅರಿಶಿನ ಹಚ್ಚೋದರಿಂದ ಹಿಡಿದು ಹೆಣ್ಣು ಒಪ್ಪಿಸೋವರೆಗೆ ಪ್ರತಿ ಶಾಸ್ತ್ರಕ್ಕೂ ಅವಳ ಹತ್ರ ಒಂದೊಂದು ಸೋಬಾನೆ ಪದ ಇದೆ. ಎರಡು ವರ್ಷದ ಹಿಂದೆ ಅವಳ ದನಿ ಕೂತುಹೋಯ್ತು. ಜತೆಗೆ ಹಾಡೋ ಹುಡುಗಿಯರು ಮನೇಲಿ ಕನ್ನಡ ಆಡ್ತಾರೆ, ಓದೋದು ತಮಿಳು ಮೀಡಿಯಂ. ಅವರು ಅಕ್ಕನ ಪದಗಳನ್ನ ತಮಿಳು ಅಕ್ಷರದಲ್ಲೇ ಬರಕೊಂಡ್ರು. ತಪ್ಪೇನಿಲ್ಲ, ಬರಕೊಂಡ್ರಲ್ಲ ಅಂತ ನಂಗೂ ಸಂತೋಷವೇ. ಆದ್ರೆ ತಮಿಳಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಒಂದು ಮದುವೇಲಿ ಮದುಮಗಳಿಗೆ ಹರಸೋ ಕಡೆ ಒಂದು ಹುಡುಗಿ ಹಾಳೆ ನೋಡಿಕೊಂಡು ‘ಬಾಳು’ ಅನ್ನೋದನ್ನ ‘ಪಾಳು’ ಅಂತ ಹಾಡಿಬಿಟ್ಟಳು. ಅಕ್ಕ ಕೂತಲ್ಲೇ ಕಣ್ಣು ಮುಚ್ಚಿಕೊಂಡಳು. ಅವತ್ತು ರಾತ್ರಿ ಊಟ ಮಾಡಲಿಲ್ಲ.

ಅದಕ್ಕೇ ಕನ್ನಡದಲ್ಲೇ, ದಪ್ಪಕ್ಷರದಲ್ಲಿ ಅಚ್ಚು ಮಾಡಿ ಕೊಡಬೇಕು, ಹುಡುಗಿಯರಿಗೆ ಅಕ್ಷರ ನಾನೇ ಕಲಿಸಬೇಕು ಅಂತ ಮಾಡ್ಕೊಂಡೆ. ಅಕ್ಕ ಪಿಸುಗುಟ್ಟಿದ್ದನ್ನ ಮೊಮ್ಮಗಳು ಮೊಬೈಲಲ್ಲಿ ಟೈಪ್ ಮಾಡಿದಳು. ಅದನ್ನ ಪೇಟೆಗೆ ತಗೊಂಡು ಹೋದ್ರೆ ಅಂಗಡಿಯ ಕಂಪ್ಯೂಟರಲ್ಲಿ ಕನ್ನಡ ಫಾಂಟೇ ಇಲ್ಲ, ಹಾಳೆ ತುಂಬ ಚೌಕಚೌಕ ಡಬ್ಬಿ ಬಂತು. ಇದಕ್ಕೆ ದಾರಿ ಇದೆ, ಮೇಷ್ಟ್ರುಗಳೂ ನೆನಪಿಟ್ಟುಕೊಳ್ಳಿ: ಫೈಲನ್ನ ಪಿಡಿಎಫ್ ಮಾಡಿಕೊಂಡು ಹೋದ್ರೆ ಅಕ್ಷರ ಅದರೊಳಗೇ ಕೂತಿರುತ್ತೆ, ಯಾವ ಅಂಗಡೀಲೂ ಕೆಡಲ್ಲ. ಆದ್ರೆ ಪುಟಕ್ಕೆ ಐದು ರೂಪಾಯಿ, ಬಸ್ ಚಾರ್ಜು ಬೇರೆ. ಅಕ್ಕ ದಿನಾ ಒಂದು ಸಾಲು ಜ್ಞಾಪಿಸಿಕೊಂಡು ತಿದ್ದಿಸೋಳು. ಎಷ್ಟು ಸಲ ಓಡಾಡೋದು?

ಮೊದಲು ತಂದದ್ದು ಮೂರೂವರೆ ಸಾವಿರದ ಕಲರ್ ಪ್ರಿಂಟರು. ಯಾವ ಕಂಪನಿ ಅಂತ ಹೇಳೋದು ಬೇಡ. ಅಗ್ಗ ಅಂತ ಮೋಸ ಹೋದೋನು ನಾನು. ಎತ್ತು ಕೊಳ್ಳುವಾಗ ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ಎಷ್ಟು ಮೇವು ತಿನ್ನುತ್ತೆ ಅಂತ ಕೇಳ್ತೀವಿ. ಇದರ ಮೇವು ಕೇಳಲೇ ಇಲ್ಲ. ಅದರ ಕಪ್ಪು ಕಾರ್ಟ್ರಿಡ್ಜು 800 ರೂಪಾಯಿ. ನಮ್ಮ ದಪ್ಪಕ್ಷರದಲ್ಲಿ ನೂರು ಚಿಲ್ಲರೆ ಪುಟಕ್ಕೆ ಖಾಲಿ. ಪುಟಕ್ಕೆ ಏಳು ರೂಪಾಯಿ ಮೇಲೆ ಬಿತ್ತು, ಅಂಗಡಿಗಿಂತ ದುಬಾರಿ! ಡಬ್ಬಿ ಮೇಲೆ ಬರೆದಿರೋ ಪುಟದ ಲೆಕ್ಕ ಹಾಳೇಲಿ ನೂರಕ್ಕೆ ಐದು ಭಾಗ ಮಾತ್ರ ಮಸಿ ಬೀಳುತ್ತೆ ಅಂತ ಹಾಕಿದ್ದು. ಅಕ್ಕನ ಕಣ್ಣಿಗೆ ಕಾಣೋ ಅಕ್ಷರಕ್ಕೆ ಆ ಲೆಕ್ಕ ಸಾಲದು.

ಅದಕ್ಕಿಂತ ದೊಡ್ಡ ಪೆಟ್ಟು ಮದುವೆ ಮನೇಲಿ. ಅರಿಶಿನದ ಕೈಯಲ್ಲಿ ಹಾಳೆ ಹಿಡಿದರು, ನೀರು ತಾಗಿದ ಕಡೆಯೆಲ್ಲ ಅಕ್ಷರ ಕದಡಿ ಹರಿದುಹೋಯ್ತು. ಆಮೇಲೆ ಆಷಾಢ ಬಂತು, ಮದುವೆಯಿಲ್ಲ, ಪ್ರಿಂಟರ್ ಎರಡು ತಿಂಗಳು ಸುಮ್ನೆ ಕೂತಿತ್ತು. ಶ್ರಾವಣದಲ್ಲಿ ತೆಗೆದ್ರೆ ಮಸಿ ಬಾಯಲ್ಲೇ ಒಣಗಿದೆ. ಬಾಯಿ ತೊಳೆಯೋ ಬಟನ್ ಒತ್ತಿದಷ್ಟೂ ಮಸಿ ಖರ್ಚಾಗುತ್ತೆ, ಅಕ್ಷರ ಬರಲ್ಲ.

ಈ ಸಲ ಕೇಳಿ ತಿಳಿದು ಕೊಳ್ಳೋಣ ಅಂತ ಮೂರು ಜೆರಾಕ್ಸ್ ಅಂಗಡಿ ಸುತ್ತಿದೆ. ಬಾಟಲಿಯಿಂದ ಮಸಿ ಸುರಿಯೋ ಟ್ಯಾಂಕ್ ಪ್ರಿಂಟರ್ ತೋರಿಸಿದರು. ಮಸಿ ಅಗ್ಗ, ಒಂದು ಕಪ್ಪು ಬಾಟಲಿಗೆ ಸಾವಿರಗಟ್ಟಲೆ ಪುಟ, ಕರೆಂಟೂ ಕಮ್ಮಿ. ಚಿತ್ರ, ಬಣ್ಣ ಬೇಕಾದ ಸ್ಕೂಲಿನವರಿಗೆ ಅದೇ ಸರಿ. ಆದ್ರೆ ವಾರಕ್ಕೊಂದು ಪುಟನಾದ್ರೂ ತೆಗೀತಿರಬೇಕು, ದನಕ್ಕೆ ದಿನಾ ನೀರು ತೋರಿಸಿದ ಹಾಗೆ. ನಾನು ನಾಟಿ ಕಾಲದಲ್ಲಿ ಅದರ ಮುಖ ನೋಡೋನಲ್ಲ.

ಲೇಸರ್‌ನಲ್ಲಿ ಮಸಿಯೇ ಇಲ್ಲ, ಟೋನರ್ ಅನ್ನೋ ಕಪ್ಪು ಪುಡಿ. ಅದನ್ನ ಕಾಯಿಸಿ ಕಾಗದಕ್ಕೆ ಅಂಟಿಸುತ್ತೆ. ಪುಡಿ ಒಣಗೋದು ಅಂತಿಲ್ಲ, ಆರು ತಿಂಗಳು ಬಿಟ್ಟರೂ ಎದ್ದು ಕೆಲಸ ಮಾಡುತ್ತೆ. ನಾನು ಅಕ್ಕನ ಒಂದು ಪದ ಪೆನ್‌ಡ್ರೈವಲ್ಲಿ ಒಯ್ದಿದ್ದೆ. ಎರಡರಲ್ಲೂ ಒಂದೊಂದು ಪುಟ ತೆಗೆಸಿ, ಲೋಟದ ನೀರಲ್ಲಿ ಬೆರಳು ಅದ್ದಿ ಉಜ್ಜಿದೆ. ಟ್ಯಾಂಕಿನದು ಹರಡಿತು. ಲೇಸರಿನದು ಮಿಸುಕಲಿಲ್ಲ. ಅಂಗಡಿಯವನು ನಕ್ಕ, ನಕ್ಕರೆ ನಗಲಿ.

ಹೊಸದಕ್ಕೆ ನನ್ನ ಹತ್ರ ದುಡ್ಡು ಸಾಲಲಿಲ್ಲ. ಒಂದು ಜೆರಾಕ್ಸ್ ಅಂಗಡಿಯವರು ದೊಡ್ಡ ಮಿಷನ್ ಹಾಕಿಸಿ, ಹಳೇ ಕ್ಯಾನನ್ ಎಲ್‌ಬಿಪಿ 2900 ಅನ್ನ ಆರು ಸಾವಿರಕ್ಕೆ ಕೊಟ್ಟರು. ಎಷ್ಟೋ ಅಂಗಡೀಲಿ ಇರೋ ಮಾಡೆಲ್ಲು, ರಿಪೇರಿ ತಿಳಿದವರು ಪೇಟೇಲೇ ಸಿಗ್ತಾರೆ, ಪುಡಿ ತುಂಬಿಸೋಕೆ 300 ರೂಪಾಯಿ. ಅದರ ಕಾರ್ಟ್ರಿಡ್ಜಿಗೆ ಕಂಪನಿ ಲೆಕ್ಕ 2000 ಪುಟ, ನಮ್ಮ ಅಕ್ಷರಕ್ಕೆ 1000 ದಾಟಿದೆ. ಕಾಗದವೂ ಸೇರಿ ಪುಟಕ್ಕೆ ಒಂದು ರೂಪಾಯಿ ಆಗ್ತಿಲ್ಲ. ಮೊಬೈಲಿಂದ ನೇರ ಪ್ರಿಂಟ್ ಆಗಲ್ಲ, ಕಂಪ್ಯೂಟರ್ ಬೇಕು. ಮೊಮ್ಮಗಳಿಗೆ ಪ್ಲಸ್ ಟೂನಲ್ಲಿ ಸರ್ಕಾರ ಪುಕ್ಕಟೆ ಕೊಟ್ಟ ಲ್ಯಾಪ್‌ಟಾಪ್ ಅಟ್ಟದ ಮೇಲಿತ್ತು, ಅದನ್ನ ಇಳಿಸಿದೆವು.

ಕಾಯೋವಾಗ ಲೇಸರು ಕರೆಂಟು ಜಾಸ್ತಿ ಎಳೆಯುತ್ತೆ. ಚಿಕ್ಕ ಯುಪಿಎಸ್‌ಗೆ ಹಾಕಬೇಡಿ ಅಂತ ಹೇಳಿದ್ರು, ನಾನು ಹಾಕಿದೆ, ಅದು ಕಿರುಚಿಕೊಂಡು ಆಫಾಯ್ತು. ಈಗ ಗೋಡೆಯ ಪ್ಲಗ್ಗಿಗೇ ಹಾಕ್ತೀನಿ, ಲೈನು ಸರಿಯಾಗಿ ಬಂದಾಗ ಮಾತ್ರ. ಮಳೆಗಾಲದಲ್ಲಿ ಕಾಗದ ತಂಪು ಹೀರಿ ಒಳಗೆ ಸಿಕ್ಕಿಕೊಳ್ಳುತ್ತೆ, ಬಂಡಲನ್ನ ಪ್ಲಾಸ್ಟಿಕ್ ಕವರಲ್ಲೇ ಇಡ್ತೀನಿ. ಪ್ರಿಂಟರ್ ರಾಗಿ ಮೂಟೆ ಪಕ್ಕ ಇದೆ, ಧೂಳು ಬೀಳದ ಹಾಗೆ ಅಕ್ಕನ ಹಳೇ ಸೀರೆ ಹೊದಿಸಿದೀನಿ.

ನಲವತ್ತೊಂದು ಪದ ಅಚ್ಚಾಗಿದೆ. ಹುಡುಗಿಯರಲ್ಲಿ ಐದು ಜನ ಕನ್ನಡ ಓದ್ತಾರೆ, ಒತ್ತಕ್ಷರ ಬಂದ್ರೆ ಇನ್ನೂ ತಡವರಿಸ್ತಾರೆ. ಮೊನ್ನೆ ಅಕ್ಕ ಹಾಳೆಯನ್ನ ಕಣ್ಣಿನ ಹತ್ರ ಹಿಡಕೊಂಡು, “ಲೋ, ಮೂರನೇ ಸಾಲು ಹಿಂದುಮುಂದಾಗಿದೆ, ಹೋಗಿ ಇನ್ನೊಂದು ತೆಗಿ” ಅಂದಳು. ಕರೆಂಟು ಇರಲಿಲ್ಲ. ಬರೋತನಕ ಇಬ್ಬರೂ ಕಾದೆವು.