ಲೆಕ್ಕ ಇಡುವ ಜಾಗ

ಪುನರ್ವಸು ಮಳೆ ಹಿಡಿದುಕೊಂಡರೆ ಕೊಪ್ಪದಲ್ಲಿ ಕರೆಂಟಿನ ಮೇಲೆ ಯಾರೂ ಭರವಸೆ ಇಡುವುದಿಲ್ಲ. ಬಾಳೆಹೊನ್ನೂರು ರಸ್ತೆಯಲ್ಲಿ ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದರೆ ಸಾಕು. ಆ ಮರ ಕಡಿದು, ತಂತಿ ಎಳೆದು ಮತ್ತೆ ದೀಪ ಹತ್ತಿಸಲು ಲೈನ್‌ಮನ್‌ಗಳು ಸುರಿಯುವ ಮಳೆಯಲ್ಲೇ ಕಂಬ ಹತ್ತುತ್ತಾರೆ. ನಾನು ಬೆಂಗಳೂರಿನ ಕಂಪನಿಯೊಂದರ ಡೇಟಾಬೇಸುಗಳನ್ನು ಊರಿನ ಮನೆಯಲ್ಲೇ ಕೂತು ನೋಡಿಕೊಳ್ಳುವವನು. ಅಲ್ಲಿಯ ಯಂತ್ರಗಳಿಗೆ ಕರೆಂಟಿನ ಚಿಂತೆ ಇಲ್ಲ, ಕಾಯುವುದಕ್ಕೆ ಪಾಳಿಯ ಮೇಲೆ ಜನ ಇದ್ದಾರೆ. ಊರಿನ ಲೆಕ್ಕಕ್ಕೆ ಅಂಥ ಅನುಕೂಲ ಇಲ್ಲ. ಆದರೂ ಅದು ಕಳೆದುಹೋದರೆ ಆಗುವ ನಷ್ಟ ಯಾವ ಕಂಪನಿಯದಕ್ಕೂ ಕಡಿಮೆಯಲ್ಲ.

ನಮ್ಮ ಕಡೆಯ ಒಂದು ಸಹಕಾರ ಸಂಘ ಈ ಬೇಸಿಗೆಯಲ್ಲಿ ಹಳೆಯ ಸರ್ವರ್ ಬದಲಾಯಿಸಲು ಹೊರಟಿತು. ಸದಸ್ಯರ ಷೇರು, ಬೆಳೆಸಾಲ, ಠೇವಣಿ, ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆಬೇರೆಯಾಗಿ ತೂಗಿ ಬರೆದ ಅಡಿಕೆ, ಎಲ್ಲವೂ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ. ಶೃಂಗೇರಿಯಲ್ಲಿ, ನರಸಿಂಹರಾಜಪುರದಲ್ಲಿ ಒಂದೊಂದು ಶಾಖೆ. ಹೊಸ ಯಂತ್ರದಲ್ಲಿ ಡೇಟಾಬೇಸನ್ನು ಹೇಗೆ ಕೂರಿಸಬೇಕು ಎಂದು ಸೊಸೈಟಿಯವರು ನನ್ನನ್ನು ಕೇಳಿದರು. ರಜೆಗೆ ಬಂದಿದ್ದ ಅಕ್ಕನ ಮಗ ಪಕ್ಕದಲ್ಲೇ ಇದ್ದ. ಅವನ ಕೆಲಸ ಕಂಟೇನರುಗಳನ್ನು ನಡೆಸುವ ಕುಬರ್ನೆಟಿಸ್ ಎಂಬ ತಂತ್ರಾಂಶದ ಮೇಲೆ.

"ಮಾವ, ಎಲ್ಲ ಕಂಟೇನರಿಗೇ ಹಾಕಿ. ಅಪ್ಲಿಕೇಶನ್ ಕಂಟೇನರಲ್ಲಿ, ಡೇಟಾಬೇಸ್ ಮಾತ್ರ ವಿಎಂನಲ್ಲಿ ಅಂದ್ರೆ ಎರಡೆರಡು ರೀತಿ ಎಂತಕ್ಕೆ?" ಅಂದ.

"ಡೇಟಾಬೇಸ್ ಬಿದ್ದ ದಿನ ಇಲ್ಲಿ ಯಾರು ಇರ್ತಾರೆ ಹೇಳು ಮಾರಾಯ" ಅಂದೆ. ಅಲ್ಲಿಂದ ಶುರುವಾದ ಮಾತು ಅವನ ರಜೆ ಮುಗಿಯುವವರೆಗೂ ನಡೆಯಿತು.

ವಿಎಂ, ಅಂದರೆ ವರ್ಚುವಲ್ ಮಷೀನ್, ಹಳೆಯದು. ಐಬಿಎಂನವರ ವಿಎಂ/370 ಬಂದದ್ದು 1972ರಲ್ಲಿ. ಒಂದು ಯಂತ್ರದೊಳಗೆ ತಂತ್ರಾಂಶದಿಂದಲೇ ಇನ್ನೊಂದು ಪೂರ್ತಿ ಕಂಪ್ಯೂಟರ್ ಕಟ್ಟುವ ವಿದ್ಯೆ ಅದು. ಒಳಗಿನದಕ್ಕೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ತನ್ನದೇ, ಡಿಸ್ಕೂ ತನ್ನದೇ. 2007ರಲ್ಲಿ ಇದೇ ಕೆಲಸದ ಕೆವಿಎಂ ಲಿನಕ್ಸಿನೊಳಗೇ ಸೇರಿದಮೇಲೆ ಇದಕ್ಕೆ ದುಡ್ಡು ಕೊಡಲೇಬೇಕೆಂಬ ಕಾಲವೂ ಹೋಯಿತು. ಕಂಟೇನರ್ ಬೇರೆ ಜಾತಿಯದು. ಅದು ಕೆಳಗಿನ ಲಿನಕ್ಸ್ ಕರ್ನಲನ್ನೇ ಹಂಚಿಕೊಂಡು ಓಡುವ ಸಾಮಾನ್ಯ ಪ್ರೋಗ್ರಾಮು. ಅದಕ್ಕೆ ಏನು ಕಾಣಬೇಕು, ಎಷ್ಟು ಮೆಮೊರಿ ಸಿಗಬೇಕು ಎಂಬುದನ್ನು ಕರ್ನಲ್ ಮಿತಿಯಲ್ಲಿಡುತ್ತದೆ, ಅಷ್ಟೆ. 2013ರಲ್ಲಿ ಡಾಕರ್ ಬಂದು ಇದನ್ನು ಎಲ್ಲರ ಕೈಗೆಟುಕಿಸಿತು. ನಿಮಿಷಗಟ್ಟಲೆ ಕಾಯದೆ ಕ್ಷಣದಲ್ಲಿ ಏಳುತ್ತದೆ, ಬೇಡವಾದರೆ ಕ್ಷಣದಲ್ಲಿ ಅಳಿಸಬಹುದು. ಅಪ್ಲಿಕೇಶನ್ನಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಆದರೆ ಡೇಟಾಬೇಸ್ ಅಳಿಸಿ ಮತ್ತೆ ಎಬ್ಬಿಸುವ ವಸ್ತುವಲ್ಲ. ಈ ಕಸುಬಿನಲ್ಲಿ ಒಂದು ಮಾತಿದೆ: ಸರ್ವರುಗಳನ್ನು ಮುದ್ದಿನ ಸಾಕುಪ್ರಾಣಿಗಳಂತೆ ನೋಡಬೇಡಿ, ದನದ ಮಂದೆಯಂತೆ ನೋಡಿ; ಒಂದು ಕಾಯಿಲೆ ಬಿದ್ದರೆ ಇನ್ನೊಂದು ತನ್ನಿ. ಮೈಕ್ರೋಸಾಫ್ಟಿನ ಬಿಲ್ ಬೇಕರ್ ಆಡಿದ ಈ ಮಾತನ್ನು 2012ರ ಸುಮಾರಿಗೆ ರ‍್ಯಾಂಡಿ ಬಯಸ್ ಪ್ರಚಾರಕ್ಕೆ ತಂದರು. ಸಾವಿರಾರು ತಲೆಯ ಮಂದೆ ಇರುವ ದೇಶಕ್ಕೆ ಹೊಂದುವ ಮಾತು. ನಮ್ಮ ಕೊಟ್ಟಿಗೆಯ ಮಲೆನಾಡು ಗಿಡ್ಡಗಳಿಗೆ ಒಂದೊಂದಕ್ಕೂ ಹೆಸರಿದೆ. ಕೆಂಪಿ ಸಂಜೆ ಗುಡ್ಡದಿಂದ ಬರದಿದ್ದರೆ ಟಾರ್ಚ್ ಹಿಡಿದು ಹುಡುಕಿಕೊಂಡು ಹೋಗುತ್ತಾರೆಯೇ ಹೊರತು ಇನ್ನೊಂದು ತಂದು ಕಟ್ಟುವುದಿಲ್ಲ. ಕುಬರ್ನೆಟಿಸ್ ಕಟ್ಟಿದವರಿಗೂ ಈ ಕಷ್ಟ ಬೇಗ ಅರ್ಥವಾಯಿತು. ಹೆಸರು, ಡಿಸ್ಕು ಉಳಿಸಿಕೊಳ್ಳಬೇಕಾದ ಕಂಟೇನರುಗಳಿಗಾಗಿ 2016ರಲ್ಲಿ ಅವರು ಮಾಡಿದ ಸೌಲಭ್ಯಕ್ಕೆ ಮೊದಲು ಇಟ್ಟ ಹೆಸರೇ ಪೆಟ್‌ಸೆಟ್, ಸಾಕುಪ್ರಾಣಿಗಳ ಗುಂಪು. ಆ ವರ್ಷದ ಕೊನೆಗೆ ಅದು ಸ್ಟೇಟ್‌ಫುಲ್‌ಸೆಟ್ ಆಯಿತು, 2017ರ ಡಿಸೆಂಬರಿನಲ್ಲಿ ಸ್ಥಿರವಾಯಿತು.

ಅಲ್ಲಿಂದೀಚೆಗೆ ದೂರ ಬಂದಿದ್ದೇವೆ, ಅದನ್ನು ಒಪ್ಪಬೇಕು. ಪೋಸ್ಟ್‌ಗ್ರೆಸ್ಸನ್ನು ಕುಬರ್ನೆಟಿಸ್ಸಿನಲ್ಲಿ ನೋಡಿಕೊಳ್ಳಲೆಂದೇ ಬರೆದ ಆಪರೇಟರ್ ತಂತ್ರಾಂಶಗಳಿವೆ. ಮುಖ್ಯ ಪ್ರತಿ ಬಿದ್ದರೆ ಇನ್ನೊಂದನ್ನು ಅವೇ ಮುಂದೆ ತರುತ್ತವೆ, ಬ್ಯಾಕಪ್ಪನ್ನೂ ತೆಗೆಯುತ್ತವೆ. ಹುಡುಗನ ಕಂಪನಿಯಲ್ಲಿ ಹಾಗೆಯೇ ನಡೆದಿದೆ, ಚೆನ್ನಾಗಿಯೇ ನಡೆದಿದೆ. ಅಲ್ಲಿ ಹಲವು ಯಂತ್ರಗಳಿವೆ, ಹಗಲು ರಾತ್ರಿ ಜನರಿದ್ದಾರೆ. ಸೊಸೈಟಿಯ ಹತ್ತಿರ ಇರುವುದು ಒಂದು ಯಂತ್ರ, ಒಬ್ಬ ಗುಮಾಸ್ತರು.

ಒಂದೇ ಯಂತ್ರದಲ್ಲಿ ಡಾಕರ್ ಮೇಲೆ ಡೇಟಾಬೇಸ್ ಇಟ್ಟರೆ ತೊಂದರೆ ಬರುವುದು ಸಣ್ಣ ಸಣ್ಣ ಜಾಗಗಳಲ್ಲಿ. ಡಿಸ್ಕನ್ನು ಹೊರಗಿನಿಂದ ಸರಿಯಾಗಿ ಜೋಡಿಸದೆ ಕಂಟೇನರಿನ ಒಳಪದರದಲ್ಲೇ ಬರೆಯಲು ಬಿಟ್ಟರೆ, ಕಂಟೇನರ್ ತೆಗೆದ ದಿನ ಬರೆದದ್ದೂ ಹೋಗುತ್ತದೆ. ನಿಲ್ಲಿಸು ಎಂದಮೇಲೆ ಡಾಕರ್ ತಾನಾಗಿ ಕಾಯುವುದು 10 ಸೆಕೆಂಡು. ಡೇಟಾಬೇಸ್ ಅಷ್ಟರಲ್ಲಿ ಮುಗಿಸದಿದ್ದರೆ ಬಲವಂತವಾಗಿ ಕೊಲ್ಲುತ್ತದೆ. ಪೋಸ್ಟ್‌ಗ್ರೆಸ್ ಅದರಿಂದ ಚೇತರಿಸಿಕೊಳ್ಳುತ್ತದೆ, ಅದಕ್ಕೆಂದೇ ಬದಲಾವಣೆಗಳನ್ನೆಲ್ಲ ಮೊದಲು ಒಂದು ದಾಖಲೆಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹಂಚಿಕೆಯ ಮೆಮೊರಿಗೆ ಡಾಕರ್ ಕೊಡುವುದು 64 ಎಂಬಿ ಮಾತ್ರ. ವರ್ಷದ ಕೊನೆಯ ಜಮಾಖರ್ಚಿನಂಥ ದೊಡ್ಡ ಪಟ್ಟಿ ತೆಗೆಯುವಾಗ ಅದು ಸಾಲದೆ ನಿಲ್ಲಬಹುದು. ಎಲ್ಲಕ್ಕೂ ಪರಿಹಾರ ಇದೆ, ಒಂದೊಂದು ಸಾಲಿನ ಪರಿಹಾರ. ಆ ಸಾಲು ಗೊತ್ತಿರುವವರು ಹತ್ತಿರ ಇರಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಕನ್ನಡದ ಹೆಸರುಗಳು. ಸದಸ್ಯರ ಹೆಸರು, ಊರು ಎಲ್ಲ ಕನ್ನಡ ಲಿಪಿಯಲ್ಲಿವೆ. ನಾವು ಕಲಿತ ವರ್ಣಮಾಲೆಯಲ್ಲಿ ಳ ಬರುವುದು ಹ ಆದಮೇಲೆ. ಯೂನಿಕೋಡ್ ಸಂಕೇತದ ಕ್ರಮದಲ್ಲಿ ಅದು ಲ ಪಕ್ಕಕ್ಕೆ, ವ ಗಿಂತ ಮೊದಲು. ಹಾಗಾಗಿ ಮಹಾಬಲ ಮೊದಲೋ ಮಳೆ ಮೊದಲೋ ಎನ್ನುವುದು ಕೆಳಗಿರುವ ವ್ಯವಸ್ಥೆ ಯಾವ ಕ್ರಮ ಹಿಡಿಯಿತು ಎನ್ನುವುದರ ಮೇಲೆ ನಿಂತಿದೆ. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಈ ಕ್ರಮವನ್ನು ಆಪರೇಟಿಂಗ್ ಸಿಸ್ಟಮ್ಮಿನ ಸಿ ಲೈಬ್ರರಿಯಿಂದ ತೆಗೆದುಕೊಳ್ಳುತ್ತದೆ, ಆ ಕ್ರಮದಲ್ಲೇ ಇಂಡೆಕ್ಸ್ ಕಟ್ಟಿಟ್ಟುಕೊಳ್ಳುತ್ತದೆ. 2018ರಲ್ಲಿ ಲಿನಕ್ಸಿನ ಸಿ ಲೈಬ್ರರಿಯಾದ ಜಿಲಿಬ್‌ಸಿಯ 2.28 ಆವೃತ್ತಿ ಬಂದಾಗ ಈ ಕ್ರಮವೇ ಬದಲಾಯಿತು. ಲೋಕದ ಎಷ್ಟೋ ಡೇಟಾಬೇಸುಗಳ ಇಂಡೆಕ್ಸುಗಳು ಒಂದು ಅಪ್‌ಡೇಟಿನಿಂದ ತಪ್ಪಾದವು. ಕಂಟೇನರ್ ಎಬ್ಬಿಸಲು ಬಳಸುವ ಆಲ್ಪೈನ್ ಎಂಬ ಪುಟ್ಟ ಇಮೇಜಿನಲ್ಲಿ ಇರುವ ಲೈಬ್ರರಿಯೇ ಬೇರೆ, ಅದಕ್ಕೆ ಭಾಷಾವಾರು ಕ್ರಮವೇ ಗೊತ್ತಿಲ್ಲ. ಕಂಟೇನರಿನಲ್ಲಿ ಇಮೇಜಿನ ಹೆಸರಿನ ಒಂದು ಪದ ಬದಲಾಯಿಸಿದರೆ ಕೆಳಗಿನ ಲೈಬ್ರರಿ ಪೂರ್ತಿ ಬದಲಾಗುತ್ತದೆ. ಡೇಟಾ ಹಾಗೇ ಇರುತ್ತದೆ, ಎಲ್ಲ ಎಂದಿನಂತೆ ಏಳುತ್ತದೆ. ಆಮೇಲೆ ಒಬ್ಬ ಸದಸ್ಯರು ಕೌಂಟರಿನಲ್ಲಿ ನಿಂತಿರುವಾಗ ಅವರ ಹೆಸರು ಹುಡುಕಿದರೆ ಸಿಗುವುದಿಲ್ಲ. ಖಾತೆ ಇದೆ, ಹುಡುಕುವ ದಾರಿ ಕೆಟ್ಟಿದೆ. ವಿಎಂನಲ್ಲೂ ಆಪರೇಟಿಂಗ್ ಸಿಸ್ಟಮ್ ಹೊಸದು ಮಾಡಿದರೆ ಇದೇ ಆಗುತ್ತದೆ, ಆದರೆ ಅಲ್ಲಿ ಅದು ದಿನ ಗೊತ್ತು ಮಾಡಿಕೊಂಡು, ಓದಿಕೊಂಡು ಮಾಡುವ ಕೆಲಸ. ಈ ವ್ಯತ್ಯಾಸವೇ ನನ್ನ ಮನಸ್ಸನ್ನು ಒಂದು ಕಡೆಗೆ ವಾಲಿಸಿತು.

ವಿಎಂ ಎಂದ ತಕ್ಷಣ ನಿಶ್ಚಿಂತೆ ಅಂತಲ್ಲ. ಬರೆದದ್ದು ಡಿಸ್ಕಿಗೆ ಮುಟ್ಟುವ ಮೊದಲೇ ಮುಟ್ಟಿತು ಎಂದು ಹೇಳುವಂತೆ ವರ್ಚುವಲ್ ಡಿಸ್ಕನ್ನು ಹೊಂದಿಸಿಟ್ಟರೆ, ಕರೆಂಟ್ ಹೋದ ಗಳಿಗೆಯಲ್ಲಿ ಯಾವ ಡೇಟಾಬೇಸೂ ಕೆಡಬಹುದು. ಮಲೆನಾಡಿನಲ್ಲಿ ಆ ಗಳಿಗೆ ಬರದೇ ಇರುವುದಿಲ್ಲ.

ಲೆಕ್ಕ ಎಲ್ಲಿರಬೇಕು ಎಂಬ ಪ್ರಶ್ನೆ ಈ ತಾಲ್ಲೂಕುಗಳಿಗೆ ಹೊಸದಲ್ಲ. 2000ದ ಸುಮಾರಿಗೆ ಭೂಮಿ ಯೋಜನೆ ರಾಜ್ಯದ 177 ತಾಲ್ಲೂಕುಗಳಿಗೆ ಬಂದಾಗ ಪಹಣಿಯ ಡೇಟಾಬೇಸ್ ಆಯಾ ತಾಲ್ಲೂಕು ಕಚೇರಿಯ ಯಂತ್ರದಲ್ಲೇ ಇತ್ತು. 15 ರೂಪಾಯಿ ಕೊಟ್ಟು ಪಹಣಿ ಪಡೆಯುವ ರೈತನಿಗೆ ಕಾಣುವಂತೆ ಅವನ ಕಡೆ ತಿರುಗಿಸಿದ ಇನ್ನೊಂದು ಪರದೆ ಇರುತ್ತಿತ್ತು. ಆಮೇಲೆ ಎಲ್ಲವೂ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿತು. ಯಂತ್ರ ನೋಡಿಕೊಳ್ಳುವ ಜನ ಎಲ್ಲಿದ್ದರೋ ಡೇಟಾ ಅಲ್ಲಿಗೆ ಹೋಯಿತು.

ಇನ್ನೂ ಹಿಂದಕ್ಕೆ ಹೋದರೆ ಶೃಂಗೇರಿ ಮಠದ ಕಡತಗಳಿವೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಿನ ಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಲ್ಲಿ ಬರೆದ ಲೆಕ್ಕಗಳು. 1791ರಲ್ಲಿ ಮರಾಠಾ ಸವಾರರು ಶೃಂಗೇರಿಯನ್ನು ಲೂಟಿ ಮಾಡಿದರು. ಆಗ ಟಿಪ್ಪು ಸುಲ್ತಾನ್ ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳು ಮಠದಲ್ಲೇ ಉಳಿದು, 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು. ಕಾಗದ ಒಂದೂಕಾಲು ಶತಮಾನ ಈ ಮಳೆಯಲ್ಲಿ ತಾನಾಗಿ ಉಳಿಯುವುದಿಲ್ಲ. ಬಿಸಿಲು ಬಂದಾಗ ಬಿಚ್ಚಿ ನೋಡಿ, ಮತ್ತೆ ಕಟ್ಟಿಡುವವರು ಇರಬೇಕು.

ಹುಡುಗನಿಗೆ ನಾನು ಹೇಳಿದ್ದೂ ಅದೇ. ಸೊಸೈಟಿಯ ಗುಮಾಸ್ತರು ಡೇಟಾಬೇಸನ್ನು ಒಬ್ಬರೇ ಕೂತು ಬ್ಯಾಕಪ್ಪಿನಿಂದ ಮತ್ತೆ ಎಬ್ಬಿಸಬಲ್ಲರು ಅನ್ನುವಂಥ ವ್ಯವಸ್ಥೆ ಯಾವುದೋ ಅದು ಇರಲಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ವಿಎಂ ಸರಿ ಮಾವ. ಆದ್ರೆ ಅಪ್ಲಿಕೇಶನ್ ಕಂಟೇನರಲ್ಲೇ ಇರ್ಲಿ" ಅಂದ. ಹಾಗೇ ಮಾಡಿದೆವು. ರಿಸ್ಟೋರ್ ಮಾಡುವ ಕ್ರಮವನ್ನು ಅವನೇ ಕನ್ನಡದಲ್ಲಿ ಬರೆದು, ಹಾಳೆಗೆ ಪ್ಲಾಸ್ಟಿಕ್ ಹೊದಿಸಿ ಯಂತ್ರದ ಪಕ್ಕ ಅಂಟಿಸಿದ. ಗುಮಾಸ್ತರು ಅದನ್ನು ನೋಡಿಕೊಂಡು ಖಾಲಿ ವಿಎಂ ಒಂದರಲ್ಲಿ ಪೂರ್ತಿ ಲೆಕ್ಕವನ್ನು ಎಬ್ಬಿಸಿದರು, ತಮ್ಮದೇ ಖಾತೆ ತೆಗೆದು ಬಾಕಿ ಸರಿ ಇದೆಯೇ ನೋಡಿದರು.

ಎರಡನೆಯ ಪ್ರತಿ ಪ್ರತಿರಾತ್ರಿ ಶೃಂಗೇರಿ ಶಾಖೆಗೆ ಹೋಗುತ್ತದೆ. ಮೂರನೆಯದನ್ನು ನರಸಿಂಹರಾಜಪುರದಲ್ಲಿ ಇಡೋಣ ಎಂದು ಆಡಳಿತ ಮಂಡಳಿಯವರು ಹೇಳುತ್ತಿದ್ದಾರೆ. ನನ್ನ ಒಲವು ಅದನ್ನು ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರುವ ಕ್ಲೌಡಿಗೆ ಕಳಿಸುವ ಕಡೆಗಿದೆ, ಯಾಕೆಂದರೆ ಈ ಮೂರೂ ಊರಿಗೆ ಬರುವುದು ಒಂದೇ ಮಳೆ. ಖರ್ಚು ಎಷ್ಟಾಗುತ್ತದೆಂದು ಬರೆದು ಮುಂದಿನ ಸಭೆಗೆ ಕೊಡುತ್ತೇನೆ.