‘ಸೆಟ್’ ಎಂಬ ಪುಟ್ಟ ಪದದ ದೊಡ್ಡ ಸಂಸಾರ

ಹೋಟೆಲಿನಲ್ಲಿ ಕುಳಿತು ‘ಒಂದು ಸೆಟ್’ ಎಂದರೆ ಸಾಕು, ಮೆತ್ತನೆಯ ದೋಸೆಗಳು ಮೇಜಿಗೆ ಬರುತ್ತವೆ. ಸಿನಿಮಾದವರ ಬಾಯಲ್ಲಿ ಅದೇ ಪದ ಹಲಗೆ, ಬಟ್ಟೆ, ಬಣ್ಣಗಳಿಂದ ಎಬ್ಬಿಸಿದ ಅರಮನೆ. ಟೆನಿಸ್ ಆಟದಲ್ಲಿ ಅದು ಪಂದ್ಯದ ಒಂದು ಭಾಗ. ಗಣಿತದ ತರಗತಿಯಲ್ಲಿ ‘ಗಣ’. ಗಾರೆ ಮೇಸ್ತ್ರಿಯಂತೂ ‘ಸಿಮೆಂಟು ಸೆಟ್ ಆಗಲಿ, ಯಾರೂ ಕಾಲಿಡಬೇಡಿ’ ಎಂದು ಕೂಗುತ್ತಾನೆ. ಇಂಗ್ಲಿಷ್ ಬಾರದು ಎಂದುಕೊಂಡವರೂ ಈ ಪದವನ್ನು ಎಷ್ಟು ಸಲೀಸಾಗಿ ಬಳಸುತ್ತಾರೆ ನೋಡಿ!

ಇಂಗ್ಲಿಷಿನಲ್ಲಿ ಇದಕ್ಕೆ ಮೂರೇ ಅಕ್ಷರ. ಆದರೆ ಇದರ ಸಂಸಾರ ಬಲು ದೊಡ್ಡದು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಹೊರಬಂದಾಗ, ಅದರಲ್ಲಿ ಎಲ್ಲಕ್ಕಿಂತ ದೀರ್ಘವಾದ ವಿವರಣೆ ಇದ್ದದ್ದು ‘ಸೆಟ್’ ಎಂಬ ಕ್ರಿಯಾಪದಕ್ಕೆ. ಸುಮಾರು 430 ಅರ್ಥಗಳು. ಅವುಗಳನ್ನು ವಿವರಿಸಲು ಸುಮಾರು 60,000 ಪದಗಳು! ಮೂರನೇ ಆವೃತ್ತಿಗಾಗಿ ಪರಿಷ್ಕರಣೆ ನಡೆಯುತ್ತಿದ್ದಾಗ, 2011ರ ಹೊತ್ತಿಗೆ ‘ರನ್’ ಎಂಬ ಕ್ರಿಯಾಪದ 645 ಅರ್ಥಗಳೊಂದಿಗೆ ಇದನ್ನು ಹಿಂದೆ ಹಾಕಿತು.

ಈ ಅಂಕಿಗಳನ್ನು ಕೇಳಿದರೆ ವಿದ್ಯಾರ್ಥಿಯ ಎದೆ ಧಸಕ್ಕೆನ್ನುವುದು ಸಹಜ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಸೇರಿದ ಹುಡುಗ ಅಥವಾ ಹುಡುಗಿಯ ಪಾಡು ಇನ್ನೂ ಕಷ್ಟ. ನೋಟ್‌ಬುಕ್ಕಿನ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಒಂದೇ ಒಂದು ಕನ್ನಡ ಅರ್ಥ. ಬೆಳಿಗ್ಗೆ ಎದ್ದು ಉರು ಹೊಡೆಯುವುದು. ‘ಸೆಟ್ ಎಂದರೆ ಇಡು’ ಎಂದು ಬಾಯಿಪಾಠವಾಗಿರುತ್ತದೆ. ಮರುದಿನ ಪಾಠದಲ್ಲಿ ಸೂರ್ಯ ‘ಸೆಟ್’ ಆಗುತ್ತಾನೆ. ಸೂರ್ಯ ಏನನ್ನು ಇಟ್ಟ, ಎಲ್ಲಿಟ್ಟ? ಮಗು ತಬ್ಬಿಬ್ಬಾಗುತ್ತದೆ. ಇಂಥ ನಾಲ್ಕು ಅನುಭವಗಳಾದರೆ ‘ಇಂಗ್ಲಿಷ್ ನನ್ನ ತಲೆಗೆ ಹತ್ತುವುದಿಲ್ಲ’ ಎಂದು ಅದು ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಡುತ್ತದೆ. ತಪ್ಪು ತಲೆಯದಲ್ಲ, ಕಲಿತ ಕ್ರಮದ್ದು.

ಪದದ ಬೇರನ್ನು ಸ್ವಲ್ಪ ಕೆದಕಿದರೆ ಭಯ ಅರ್ಧ ಕಡಿಮೆಯಾಗುತ್ತದೆ. ‘ಸಿಟ್’ ಎಂದರೆ ಕೂರು. ಅದರ ಪ್ರೇರಣಾರ್ಥಕ ರೂಪವಾಗಿ ಹುಟ್ಟಿದ್ದೇ ‘ಸೆಟ್’. ಅಂದರೆ ಕೂರಿಸು. ಕನ್ನಡದ ಕೂರು, ಕೂರಿಸು ಇದ್ದ ಹಾಗೆಯೇ! ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸುವುದು, ವೈದ್ಯರು ಜರುಗಿದ ಮೂಳೆಯನ್ನು ಸ್ವಸ್ಥಾನದಲ್ಲಿ ಕೂರಿಸುವುದು, ಗಡಿಯಾರದ ಮುಳ್ಳನ್ನು ಸರಿಯಾದ ಗಂಟೆಗೆ ತಂದು ನಿಲ್ಲಿಸುವುದು, ಇವೆಲ್ಲ ಈ ಒಂದೇ ಬೇರಿನ ಕೊಂಬೆಗಳು. ಅಲುಗಾಡುವ ಸಿಮೆಂಟು ಒಂದೆಡೆ ಕುಳಿತು ಗಟ್ಟಿಯಾಗುವುದೂ ಅದೇ. ಗುಂಪು ಎಂಬ ಅರ್ಥದ ‘ಸೆಟ್’ ಮಾತ್ರ ಬೇರೆ ಮನೆಯಿಂದ ಬಂದದ್ದು. ಲ್ಯಾಟಿನ್ ಮೂಲದ ಆ ನಾಮಪದ ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಸೇರಿತು.

ಹಾಗೆಂದು ಬೇರೊಂದನ್ನೇ ನಂಬಿ ಕೂರುವಂತಿಲ್ಲ. ಪಕ್ಕದಲ್ಲಿ ನಿಂತ ಚಿಕ್ಕ ಪದಗಳು ಅರ್ಥವನ್ನು ತಿರುಗಿಸುತ್ತವೆ. ‘ಸೆಟ್ ಔಟ್’ ಎಂದರೆ ಹೊರಡು; ‘ಸೆಟ್ ಅಪ್’ ಎಂದರೆ ಸ್ಥಾಪಿಸು. ಮಳೆ ‘ಸೆಟ್ ಇನ್’ ಆಯಿತು ಎಂದರೆ ನಮ್ಮವರು ‘ಮಳೆ ಹಿಡಿಯಿತು’ ಎನ್ನುತ್ತಾರಲ್ಲ, ಅದು. ತಾಯಿ ಮಗಳ ಓದಿಗೆಂದು ಹಣವನ್ನು ‘ಸೆಟ್ ಅಸೈಡ್’ ಮಾಡಿದರೆ ಹಣ ಭದ್ರವಾಗಿ ಎತ್ತಿಟ್ಟಂತೆ. ಹೈಕೋರ್ಟು ಕೆಳಗಿನ ಕೋರ್ಟಿನ ತೀರ್ಪನ್ನು ‘ಸೆಟ್ ಅಸೈಡ್’ ಮಾಡಿದರೆ ಆ ತೀರ್ಪು ರದ್ದಾದಂತೆ! ಪದಗಳು ಅವೇ, ಸಂದರ್ಭ ಬೇರೆ.

ಇದು ಇಂಗ್ಲಿಷಿನ ವಕ್ರತನವೇನೂ ಅಲ್ಲ. ಕನ್ನಡದ ‘ಕಟ್ಟು’ ಪದವನ್ನೇ ತೆಗೆದುಕೊಳ್ಳಿ. ಅಮ್ಮ ಹೂ ಕಟ್ಟುತ್ತಾಳೆ, ಬುತ್ತಿ ಕಟ್ಟುತ್ತಾಳೆ. ಅಪ್ಪ ಮನೆ ಕಟ್ಟುತ್ತಾನೆ, ಫೀಸು ಕಟ್ಟುತ್ತಾನೆ. ಅಣ್ಣ ಫೇಲಾದ ವಿಷಯಕ್ಕೆ ಮತ್ತೆ ಪರೀಕ್ಷೆ ಕಟ್ಟುತ್ತಾನೆ. ನೆಗಡಿಯಾದರೆ ಮೂಗು ಕಟ್ಟುತ್ತದೆ, ತಡವಾಗಿ ಬಂದ ತಮ್ಮ ಕಥೆ ಕಟ್ಟುತ್ತಾನೆ. ಐದು ವರ್ಷದ ಮಗುವಿಗೂ ಇವುಗಳಲ್ಲಿ ಗೊಂದಲವಿಲ್ಲ. ಇವನ್ನು ಅದಕ್ಕೆ ಯಾರೂ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿಲ್ಲ. ಮನೆಯಲ್ಲಿ, ಬೀದಿಯಲ್ಲಿ, ಮಾತಿನ ನಡುವೆ ಕೇಳಿ ಕೇಳಿ ಕಲಿತದ್ದು. ಒಂದು ಪದವನ್ನು ಹತ್ತು ಅರ್ಥಗಳಲ್ಲಿ ಹಿಡಿಯುವ ಶಕ್ತಿ ಕನ್ನಡದ ಮಗುವಿನಲ್ಲಿ ಆಗಲೇ ಇದೆ. ಅದನ್ನು ಇಂಗ್ಲಿಷಿಗೂ ಬಳಸಬಹುದು ಎಂದು ಯಾರಾದರೂ ಹೇಳಬೇಕು, ಅಷ್ಟೆ.

ಹಾಗಾಗಿ ನೋಟ್‌ಬುಕ್ಕಿನ ಬಲಗಡೆ ಒಂಟಿ ಅರ್ಥ ಬರೆಯುವ ಬದಲು ಪೂರ್ತಿ ವಾಕ್ಯ ಬರೆಯುವುದು ಒಳ್ಳೆಯದು. ದಿನಕ್ಕೆ ಮೂರು ವಾಕ್ಯ ಸಾಕು. ನಿಘಂಟಿನಲ್ಲಿ ಮೊದಲು ಕಂಡ ಅರ್ಥಕ್ಕೇ ನಿಲ್ಲದೆ, ಓದುತ್ತಿರುವ ವಾಕ್ಯಕ್ಕೆ ಯಾವುದು ಒಗ್ಗುತ್ತದೆ ಎಂದು ಹುಡುಕಬೇಕು. ಇಂಗ್ಲಿಷ್ ಬಾರದ ತಂದೆ ತಾಯಿಗಳೂ ಇಲ್ಲಿ ಕೈಕಟ್ಟಿ ಕೂರಬೇಕಾಗಿಲ್ಲ. ‘ಇದನ್ನೇ ನಮ್ಮ ಮಾತಿನಲ್ಲಿ ಹೇಗೆ ಹೇಳುತ್ತೀಯಪ್ಪಾ?’ ಎಂದು ಕೇಳಿದರೆ ಸಾಕು. ಉತ್ತರ ಹುಡುಕುವಾಗ ಮಗುವಿಗೆ ವಾಕ್ಯದ ಅರ್ಥ ತಾನಾಗಿಯೇ ತೆರೆದುಕೊಳ್ಳುತ್ತದೆ. 430 ಅರ್ಥಗಳನ್ನು ಯಾರೂ ಒಂದೇ ದಿನ ಕಲಿತಿಲ್ಲ, ಇಂಗ್ಲಿಷರ ಮಕ್ಕಳೂ ಕಲಿತಿಲ್ಲ. ಎದುರಿಗೆ ಬಂದದ್ದನ್ನು ಬಂದ ಹಾಗೆ ಪರಿಚಯ ಮಾಡಿಕೊಂಡರೆ ಸಾಕು. ನೆಂಟರನ್ನು ಗುರುತಿಟ್ಟುಕೊಳ್ಳುವುದೂ ಹಾಗೆಯೇ ತಾನೇ?